ಹುಳುಮನೆಯಲ್ಲಿ ಮಳೆಯ ಸದ್ದು

ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ, ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಬಿಡುವ ಹಂತ, ದಾಟಿದ ಹುಳುಗಳಿರುವ ಮನೆಯ ಬಾಗಿಲಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಹೋಗಿ ನಿಂತರೆ ಒಳಗೆ ಮಳೆ ಬರುತ್ತಿರುವಂತೆ ಕೇಳುತ್ತದೆ. ಹೊರಗೆ ಆಕಾಶ ನಿಚ್ಚಳ, ಚುಕ್ಕಿಗಳು ಎಣಿಸುವಷ್ಟು ಸ್ಪಷ್ಟ. ಒಳಗೆ ಮಾತ್ರ ತರಗೆಲೆಯ ಮೇಲೆ ಜಿಟಿಜಿಟಿ ಹನಿ ಬಿದ್ದಂತೆ ಎಡೆಬಿಡದ ಸರಸರ. ಮೊದಲ ಸಲ ಬಂದವರು ತಲೆಯೆತ್ತಿ ಸೂರು ನೋಡುವುದುಂಟು. ಸದ್ದು ಬರುತ್ತಿರುವುದು ಕೆಳಗಿನಿಂದ, ತಟ್ಟೆಗಳಿಂದ. ಹತ್ತಾರು ಸಾವಿರ ರೇಷ್ಮೆ ಹುಳುಗಳು ಒಮ್ಮೆಗೇ ಹಿಪ್ಪುನೇರಳೆ ಸೊಪ್ಪನ್ನು ಕತ್ತರಿಸುತ್ತಿರುತ್ತವೆ.

ಮನೆಯವರಿಗೆ ಈ ಸದ್ದು ಹುಳುವಿನ ಆರೋಗ್ಯದ ವರದಿ. ಜೋರಾಗಿದ್ದರೆ ಮೇವು ಚೆನ್ನಾಗಿ ಹೋಗುತ್ತಿದೆ. ಕುಗ್ಗಿದರೆ ಸೊಪ್ಪು ಮುಗಿದಿದೆ, ಇಲ್ಲವೇ ಏನೋ ಕೆಟ್ಟಿದೆ. ಎಷ್ಟೋ ಹೆಣ್ಣುಮಕ್ಕಳು ನಿದ್ದೆಯಲ್ಲೇ ಆ ವ್ಯತ್ಯಾಸ ಹಿಡಿದು ಎದ್ದು ಬಂದು ಸೊಪ್ಪು ಹಾಕುತ್ತಾರೆ. ಸಾಲ, ದರ, ಹುಳುವನ್ನು ಕಾಡುವ ಊಜಿ ನೊಣ, ಸೊಪ್ಪಿನ ಕೊರತೆ ಇವೆಲ್ಲ ತಲೆಯಲ್ಲಿರುವಾಗ ಹುಳುವನ್ನು ಸುಮ್ಮನೆ ನೋಡುತ್ತ ಕೂರಲು ಯಾರಿಗೂ ಬಿಡುವಿಲ್ಲ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಬಯಲುಸೀಮೆಯಲ್ಲಿ ದಿನಾ ಕಣ್ಣಿಗೆ ಬೀಳುವ ಸಂಗತಿಗಳಲ್ಲಿ ಜಗತ್ತಿನ ಯಾವ ಪ್ರವಾಸಿ ತಾಣಕ್ಕೂ ಕಡಿಮೆಯಿಲ್ಲದ ವಿಸ್ಮಯ ಅಡಗಿದೆ. ಅದನ್ನು ಕಾಣಲು ಬೇಕಾಗುವುದು ಒಂದಿಷ್ಟು ಲೆಕ್ಕ ಮತ್ತು ಒಂದೆರಡು ಪ್ರಶ್ನೆ.

ಲೆಕ್ಕದಿಂದಲೇ ಶುರುಮಾಡಬಹುದು. ಮೊಟ್ಟೆಯಿಂದ ಹೊರಬಂದ ಹುಳು ಸಾಸಿವೆಗಿಂತಲೂ ಹಗುರ, ತೂಕ ಅರ್ಧ ಮಿಲಿಗ್ರಾಂ ಆಸುಪಾಸು. ಇಪ್ಪತ್ತೈದು ದಿನಗಳ ಸುಮಾರಿಗೆ ಅದು ನಾಲ್ಕೈದು ಗ್ರಾಂ ತೂಗುತ್ತದೆ. ಅಂದರೆ ಹತ್ತು ಸಾವಿರ ಪಟ್ಟು ಬೆಳವಣಿಗೆ. ಮೂರು ಕಿಲೋ ತೂಕದ ಹಸುಗೂಸು ಇದೇ ವೇಗದಲ್ಲಿ ಬೆಳೆದಿದ್ದರೆ ತಿಂಗಳು ತುಂಬುವ ಮೊದಲೇ ಮೂವತ್ತು ಟನ್ ಆಗಬೇಕಿತ್ತು. ಐದಾರು ಆನೆಗಳನ್ನು ಒಟ್ಟಿಗೆ ತೂಗಿದಷ್ಟು. ಚರ್ಮ ಈ ಬೆಳವಣಿಗೆಗೆ ಸಾಲದೆ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ರೈತರು ಇದನ್ನು ಜ್ವರ ಎನ್ನುತ್ತಾರೆ. ಕಾಯಿಲೆ ಬಿದ್ದ ಮಗುವಿನಂತೆ ಕಾಣುವ ಹುಳುವಿಗೆ ಇದಕ್ಕಿಂತ ಒಪ್ಪುವ ಮಾತು ಸಿಕ್ಕುವುದು ಕಷ್ಟ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುವುದೇ ಮಳೆಯ ಸದ್ದು. ಹುಳು ಬದುಕಿನಲ್ಲಿ ತಿನ್ನುವ ಒಟ್ಟು ಸೊಪ್ಪಿನ ಶೇ. 80ಕ್ಕೂ ಹೆಚ್ಚು ಭಾಗ ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ.

ಆ ಸೊಪ್ಪಿನದ್ದೇ ಒಂದು ಕತೆ. ಹಿಪ್ಪುನೇರಳೆಯ ಎಲೆ ಮುರಿದಾಗ ಒಸರುವ ಹಾಲಿನಲ್ಲಿ ಸಕ್ಕರೆಯ ವೇಷ ಹಾಕಿದ ವಿಷಗಳಿವೆ. ಬೇರೆ ಎಷ್ಟೋ ಜಾತಿಯ ಹುಳುಗಳು ಅದನ್ನು ತಿಂದರೆ ಬೆಳೆಯಲಾರವು, ಸಾಯುತ್ತವೆ. ರೇಷ್ಮೆ ಹುಳುವಿಗೆ ಮಾತ್ರ ಅದು ತಟ್ಟುವುದಿಲ್ಲ. ಇತರರಿಗೆ ಮುಚ್ಚಿದ ಉಗ್ರಾಣದ ಕೀಲಿ ಇದರ ಹೊಟ್ಟೆಯಲ್ಲಿದೆ.

ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈ ಹೆಚ್ಚುಕಡಿಮೆ ಪಾರದರ್ಶಕ. ಆ ವೇಳೆಗೆ ದೇಹದ ಕಾಲು ಭಾಗದಷ್ಟು ತೂಕ ರೇಷ್ಮೆ ಗ್ರಂಥಿಗಳದ್ದೇ ಆಗಿರುತ್ತದೆ. ಗ್ರಂಥಿಯೊಳಗೆ ಇರುವುದು ದಾರವಲ್ಲ, ಜೇನಿನಂಥ ದ್ರವ. ಗೂಡು ಕಟ್ಟಲು ಇಡುವ ಚಂದ್ರಿಕೆಗೆ ಬಿಟ್ಟ ಹುಳು ಬಾಯಿಯ ಬಳಿಯ ಸಣ್ಣ ರಂಧ್ರದಿಂದ ಅದನ್ನು ಒಂದು ಕಡೆ ಅಂಟಿಸಿ ತಲೆಯನ್ನು ಹಿಂದಕ್ಕೆಳೆಯುತ್ತದೆ. ಆ ಎಳೆತಕ್ಕೇ ದ್ರವ ಗಟ್ಟಿಯಾಗಿ ನೂಲಾಗುತ್ತದೆ. ಇದಕ್ಕೆ ಕುಲುಮೆ ಬೇಡ, ಆಮ್ಲ ಬೇಡ. ಮನೆಯೊಳಗಿನ ಸಾಮಾನ್ಯ ಶಾಖ ಸಾಕು. ಜಗತ್ತಿನ ಹಲವು ಪ್ರಯೋಗಾಲಯಗಳು ಇದೇ ಕೆಲಸವನ್ನು ಇಷ್ಟೇ ಸರಳವಾಗಿ ಮಾಡುವುದು ಹೇಗೆಂದು ಇನ್ನೂ ತಲೆ ಕೆಡಿಸಿಕೊಂಡಿವೆ. ಎರಡು ಎಳೆಗಳು ಒಟ್ಟಿಗೆ ಹೊರಬರುತ್ತವೆ, ಅವುಗಳ ಸುತ್ತ ಸೆರಿಸಿನ್ ಎಂಬ ಅಂಟು. ಹುಳು ತಲೆಯನ್ನು 8ರ ಅಂಕಿಯ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನ ನಿಲ್ಲಿಸದೆ ಗೂಡು ಕಟ್ಟುತ್ತದೆ. ಗೂಡಿನಲ್ಲಿ ಇರುವುದು ಒಂದೇ ದಾರ. ಹಳದಿ ಬಣ್ಣದ ಮಿಶ್ರತಳಿ ಗೂಡಿನಲ್ಲಿ ಅದು ಹಲವು ನೂರು ಮೀಟರ್. ಬಿಳಿಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರ್ ದಾಟುತ್ತದೆ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ, ರಾಮನಗರದ ಜೊತೆಯಲ್ಲೇ ಹೆಸರು ಹೇಳುವಷ್ಟು ದೊಡ್ಡದು. ಬೆಳಿಗ್ಗೆ ಅಲ್ಲಿ ಜಾಲರಿಗಳಲ್ಲಿ ಸುರಿದ ಗೂಡನ್ನು ನೂಲು ತೆಗೆಯುವ ರೀಲರ್‌ಗಳು ಕೈಯಲ್ಲಿ ಹಿಡಿದು ಅಮುಕಿ, ಕಿವಿಯ ಬಳಿ ಅಲ್ಲಾಡಿಸಿ ನೋಡುವುದು ದಿನನಿತ್ಯದ ನೋಟ. ಒಂದು ಕಿಲೋಗೆ ಸುಮಾರು 600 ಗೂಡು, ಗೂಡಿಗೆ 700 ಮೀಟರ್ ನೂಲು ಎಂದು ಹಿಡಿದರೂ ಆ ಒಂದು ಕಿಲೋದಲ್ಲಿ 420 ಕಿಲೋಮೀಟರ್ ಉದ್ದದ ದಾರ ಇದೆ. ಬೆಂಗಳೂರಿನಿಂದ ಹುಬ್ಬಳ್ಳಿ ಮುಟ್ಟುವಷ್ಟು! ಒಂದು ಜಾಲರಿಯ ಮುಂದೆ ನಿಂತು ದರ ಕಟ್ಟುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ. ಹಾಕಿದವರು ಮತ್ತೆ ಗೂಡನ್ನು ಮೊದಲಿನಂತೆ ನೋಡಲಾರರು.

ಆ ಅಖಂಡ ದಾರಕ್ಕಾಗಿ ತೆರುವ ಬೆಲೆಯನ್ನೂ ಹೇಳಲೇಬೇಕು. ಗೂಡಿನೊಳಗಿನ ಕೋಶ ಪತಂಗವಾಗಿ ಹೊರಬರುವಾಗ ಒಂದು ರಸ ಸುರಿಸಿ ಗೂಡನ್ನು ತೂತು ಮಾಡುತ್ತದೆ. ಹಾಗಾದರೆ ನೂಲು ತುಂಡಾದಂತೆ. ಆದ್ದರಿಂದ ನೂಲಿಗೆಂದು ಹೋದ ಗೂಡಿನ ಜೀವ ಬಿಸಿಯಲ್ಲಿ ಮುಗಿಯುತ್ತದೆ; ಕುದಿನೀರಿನ ಬೋಗುಣಿಯಲ್ಲಿ ಅಂಟು ಕರಗಿ ಎಳೆಯ ತುದಿ ಕೈಗೆ ಸಿಗುತ್ತದೆ. ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಆ ಹಬೆಯ ನಡುವೆ ಕೂತು, ಕಣ್ಣಿಗೆ ಕಂಡೂ ಕಾಣದ ಎಳೆಯನ್ನು ಬೆರಳಲ್ಲಿ ಹಿಡಿದು ಜೋಡಿಸುವ ಕೈಗಳ ಚಳಕವೂ ಈ ಅಚ್ಚರಿಯ ಭಾಗವೇ. ಅಲ್ಲಿನ ಹೆಣ್ಣುಮಕ್ಕಳ ಬೆರಳ ತುದಿಗಳು ದಿನವಿಡೀ ಬಿಸಿನೀರಿನಲ್ಲಿ ನೆನೆದು ಬೆಳ್ಳಗಾಗಿರುತ್ತವೆ.

ಪತಂಗವಾಗಲು ಬಿಟ್ಟ ಗೂಡುಗಳು ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಹೋಗುತ್ತವೆ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲೇ ಬೆಳೆದ ಈ ಪತಂಗಕ್ಕೆ ರೆಕ್ಕೆ ಇದೆ, ಹಾರಲು ಬರುವುದಿಲ್ಲ. ಅದು ಏನನ್ನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಕೂಡಿ, ನಾನೂರು ಐನೂರು ಮೊಟ್ಟೆಯಿಟ್ಟು ಸಾಯುತ್ತದೆ. ಗಂಡು ಪತಂಗಕ್ಕೆ ಹೆಣ್ಣು ಎಲ್ಲಿದೆ ಎಂದು ತಿಳಿಯುವುದು ವಾಸನೆಯಿಂದ. ಆ ವಾಸನೆಯ ವಸ್ತು ಯಾವುದೆಂದು ಕಂಡುಹಿಡಿಯಲು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಸುಮಾರು ಇಪ್ಪತ್ತು ವರ್ಷ ದುಡಿದರು. ಐದು ಲಕ್ಷದಷ್ಟು ಹೆಣ್ಣು ಪತಂಗಗಳಿಂದ ಅವರಿಗೆ ಸಿಕ್ಕಿದ್ದು ಕೆಲವು ಮಿಲಿಗ್ರಾಂ ಮಾತ್ರ. 1959ರಲ್ಲಿ ಪ್ರಕಟವಾದ ಆ ವಸ್ತುವಿಗೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಜೀವಿಗಳು ತಮ್ಮ ತಮ್ಮಲ್ಲೇ ಸುದ್ದಿ ಕಳಿಸಲು ಬಳಸುವ ವಾಸನೆಗಳಲ್ಲಿ, ಅಂದರೆ ಫೆರೋಮೋನ್‌ಗಳಲ್ಲಿ, ರಾಸಾಯನಿಕ ರಚನೆ ಗೊತ್ತಾದ ಮೊದಲನೆಯದು ಇದು.

ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಕೋಠಿಯಲ್ಲಿ ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಡುತ್ತಾರೆ. ಈ ಪರೀಕ್ಷೆ ರೂಪಿಸಿದವರು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ದಕ್ಷಿಣದ ರೇಷ್ಮೆ ಸೀಮೆ ರೋಗದಿಂದ ನೆಲಕಚ್ಚಿದಾಗ ಅವರನ್ನು ಅಲ್ಲಿಗೆ ಕಳಿಸಲಾಯಿತು. ಆವರೆಗೆ ಅವರು ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಿದವರೇ ಅಲ್ಲ. ಐದು ವರ್ಷದ ದುಡಿಮೆಯಲ್ಲಿ ಅವರು ಕಂಡುಕೊಂಡ ಈ ಉಪಾಯ ನೂರೈವತ್ತು ವರ್ಷ ದಾಟಿದರೂ ಬದಲಾಗಿಲ್ಲ. ರೋಗರಹಿತ ಮೊಟ್ಟೆ ಎಂಬ ಹೆಸರಿನಲ್ಲಿ ರೈತನ ಕೈಗೆ ಬರುವ ಪ್ರತಿ ಹಾಳೆಯ ಹಿಂದೆಯೂ ಅದು ಇದೆ.

ಇಂಥ ಬೆರಗಿಗೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ. ಅಚ್ಚರಿ, ಸೋಜಿಗ, ವಿಸ್ಮಯ, ಬೆಕ್ಕಸ. ಇವುಗಳ ಸಾಲಿನಲ್ಲಿ ಈಗ ಅಷ್ಟಾಗಿ ಬಳಸದ ಇನ್ನೊಂದು ಪದ ಚೋದ್ಯ. ಅದಕ್ಕೆ ಅಚ್ಚರಿ ಎಂಬ ಅರ್ಥವೂ ಇದೆ, ಪ್ರಶ್ನೆ ಎಂಬ ಅರ್ಥವೂ ಇದೆ. ಬೆರಗುಗೊಳ್ಳುವುದು ಮತ್ತು ಕೇಳುವುದು ಎರಡನ್ನೂ ಒಂದೇ ಪದದಲ್ಲಿಟ್ಟ ಹಳಬರು ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವರು.

ಮನಶ್ಶಾಸ್ತ್ರಜ್ಞರು ಈ ವಿಷಯಕ್ಕೆ ಬಂದದ್ದು ತಡವಾಗಿ. ಅಮೆರಿಕದ ಡ್ಯಾಕರ್ ಕೆಲ್ಟ್‌ನರ್ ಮತ್ತು ಜೊನಾಥನ್ ಹೈಟ್ 2003ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಬೆರಗಿಗೆ ಎರಡು ಗುರುತು ಹೇಳಿದರು: ಎದುರಿಗಿರುವುದು ತನಗಿಂತ ಬಹಳ ದೊಡ್ಡದು ಅನ್ನಿಸಬೇಕು, ಮತ್ತು ಅದು ತನಗೆ ಗೊತ್ತಿದ್ದ ಲೆಕ್ಕಕ್ಕೆ ಸಿಗದೆ ಮನಸ್ಸು ಆ ಲೆಕ್ಕವನ್ನೇ ತಿದ್ದಿಕೊಳ್ಳಬೇಕು. ಮೊದಲನೆಯದು ಬೆಟ್ಟ, ಕಡಲು, ದೇವಸ್ಥಾನದ ಗೋಪುರಗಳಿಗೆ ಸರಿ. ಈ ಸೀಮೆಯ ನಿತ್ಯದ ಅಚ್ಚರಿಗಳು ಹೆಚ್ಚಾಗಿ ಎರಡನೆಯದಕ್ಕೆ ಸೇರಿದವು. ಅರ್ಧ ಮಿಲಿಗ್ರಾಂ ಹುಳುವಿನಲ್ಲಿ ದೊಡ್ಡದೇನೂ ಇಲ್ಲ. ತಿದ್ದಬೇಕಾದ್ದು ನೋಡುವವರ ಲೆಕ್ಕ.

ಹಾಗೆ ಲೆಕ್ಕ ತಿದ್ದಿಸುವುದನ್ನೇ ಬದುಕಾಗಿಸಿಕೊಂಡವರು ಈ ನೆಲದಲ್ಲೇ ಹುಟ್ಟಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯ, ಓದುವ ಹಂಬಲದಿಂದ ಹದಿನೈದರ ಪ್ರಾಯದಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಆ ಹುಡುಗ ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕೊನೆಯವರೆಗೂ ವಿದ್ಯಾರ್ಥಿ ನಿಲಯದ ಒಂದು ಕೋಣೆಯೇ ಅವರ ಮನೆ. ಪವಾಡಗಳನ್ನು ಪರೀಕ್ಷಿಸಲು ಅವರು ಸಮಿತಿ ರಚಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಅವರನ್ನು ನಂಬಿಕೆಗಳ ವಿರೋಧಿ ಎಂದಷ್ಟೇ ನೆನೆಯುವವರಿದ್ದಾರೆ. ವಾರವಾರ ಸಾಮಾನ್ಯ ಜನರ ಮುಂದೆ ವಿಜ್ಞಾನದ ಉಪನ್ಯಾಸ ಏರ್ಪಡಿಸಿದ ಮನುಷ್ಯನ ಮನಸ್ಸಿನಲ್ಲಿ ಇದ್ದದ್ದು ಪ್ರಕೃತಿಯ ಬಗ್ಗೆ ಆಳವಾದ ಬೆರಗೇ ಇರಬೇಕು. ಕೈಚಳಕದ ಪವಾಡಕ್ಕೆ ಮರುಳಾಗುವ ಜನ ಕಾಲಡಿಯ ಕಡಲೆಕಾಯಿ ಗಿಡವನ್ನು ನೋಡದೆ ಹೋಗುವುದು ಅಂಥವರಿಗೆ ಸಹಿಸಲಾಗದ ಸಂಗತಿ.

ಕಡಲೆಕಾಯಿಯ ಮಾತು ಬಂದಾಗ ನಗರಗೆರೆ ಹೋಬಳಿಯ ಕಡೆ ಹೊರಳಬೇಕು. ಆಂಧ್ರದ ಗಡಿಗೆ ಅಂಟಿಕೊಂಡ ಈ ಭಾಗದಲ್ಲಿ ಕನ್ನಡ ತೆಲುಗು ಎರಡೂ ಒಂದೇ ಜಗಲಿಯ ಮೇಲೆ ಕೂತು ಮಾತಾಡುತ್ತವೆ. ಕನ್ನಡದಲ್ಲಿ ಈ ಬೆಳೆಗೆ ನೆಲಗಡಲೆ ಎಂಬ ಹೆಸರಿದೆ, ತೆಲುಗಿನಲ್ಲಿ ವೇರುಶನಗ, ಅಂದರೆ ಬೇರಿನ ಕಡಲೆ. ಗಿಡ ಕಿತ್ತಾಗ ಬೇರಿನ ಜೊತೆ ಗೊಂಚಲಾಗಿ ಬರುವ ಕಾಯಿ ನೋಡಿದರೆ ಯಾರಿಗೂ ಹಾಗನ್ನಿಸುವುದು ಸಹಜ. ಆದರೆ ಅದು ಬೇರಿನಿಂದ ಬಂದದ್ದಲ್ಲ. ಅದು ಹೂವಿನಿಂದ ಬಂದ ಕಾಯಿ, ಹೂವು ಅರಳಿದ್ದು ನೆಲದ ಮೇಲೆ.

ಬಿತ್ತಿದ ತಿಂಗಳ ಆಸುಪಾಸಿಗೆ ಎಲೆಯ ಕಂಕುಳಲ್ಲಿ ಅರಿಸಿನ ಬಣ್ಣದ ಪುಟ್ಟ ಹೂ ನಸುಕಿನಲ್ಲಿ ಅರಳುತ್ತದೆ. ಪರಾಗಸ್ಪರ್ಶ ಅದರೊಳಗೇ ನಡೆದುಹೋಗುತ್ತದೆ. ದಿನ ಮುಗಿಯುವುದರೊಳಗೆ ಹೂ ಬಾಡುತ್ತದೆ. ಬೇರೆ ಗಿಡಗಳಲ್ಲಾದರೆ ಹೂವಿದ್ದ ಜಾಗದಲ್ಲೇ ಕಾಯಿ ಕಟ್ಟಬೇಕು. ಇಲ್ಲಿ ಹೂವಿನ ಬುಡದಿಂದ ಸೂಜಿಯಂಥ ಊಡು ಹೊರಟು ನೇರ ಕೆಳಮುಖವಾಗಿ ನೆಲಕ್ಕೆ ಇಳಿಯತೊಡಗುತ್ತದೆ. ಅದರ ತುದಿಯಲ್ಲಿ ಕಾಣದಷ್ಟು ಸಣ್ಣ ಭ್ರೂಣ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದು ಅದಕ್ಕೆ ಗೊತ್ತು. ಬೆಳಕಿನಲ್ಲಿ ಇರುವಷ್ಟು ಹೊತ್ತು ಆ ಭ್ರೂಣ ಬೆಳೆಯುವುದಿಲ್ಲ, ಕಾಯುತ್ತದೆ. ಊಡು ಮಣ್ಣೊಳಗೆ ಒಂದೆರಡು ಅಂಗುಲ ಇಳಿದು ಕತ್ತಲು ಸಿಕ್ಕಿದ ಮೇಲೆ ಅಡ್ಡ ತಿರುಗಿ, ಅಲ್ಲಿ ಕಾಯಿ ಊದುತ್ತದೆ. ನೆಲ ಗಟ್ಟಿಯಾಗಿ ಊಡು ಒಳಗೆ ಹೋಗದಿದ್ದರೆ, ಅಥವಾ ಹೂ ತೀರ ಮೇಲಿದ್ದು ನೆಲ ಮುಟ್ಟದಿದ್ದರೆ, ಅದು ಒಣಗಿಹೋಗುತ್ತದೆ. ಊಡು ಇಳಿಯುವ ಹೊತ್ತಿಗೆ ಮಳೆ ಬೇಕು ಎಂದು ರೈತರು ಆಕಾಶ ನೋಡುವುದು ಇದಕ್ಕೇ.

ಹೂ ಬಿಡುವಾಗ ಗಿಡದ ಬುಡಕ್ಕೆ ಜಿಪ್ಸಂ ಹಾಕುವ ರೂಢಿಯ ಹಿಂದೆಯೂ ಒಂದು ಸೋಜಿಗ ಇದೆ. ಸಾಮಾನ್ಯವಾಗಿ ಬೇರು ಹೀರಿದ ಸುಣ್ಣದ ಅಂಶ ನೀರಿನ ಜೊತೆ ಮೇಲೇರಿ ಎಲೆಗಳ ಕಡೆ ಹೋಗುತ್ತದೆ; ಬಿಸಿಲಿಗೆ ನೀರು ಆವಿಯಾಗುವುದು ಅಲ್ಲಿಂದಲೇ. ನೆಲದೊಳಗಿನ ಕಾಯಿಯಿಂದ ನೀರು ಆವಿಯಾಗದ ಕಾರಣ ಅಲ್ಲಿಗೆ ಸುಣ್ಣ ತಲಪುವುದಿಲ್ಲ. ಹೀಗಾಗಿ ಕಾಯಿ ತನಗೆ ಬೇಕಾದ ಸುಣ್ಣವನ್ನು ತನ್ನ ಸಿಪ್ಪೆಯ ಮೂಲಕ ನೇರ ಮಣ್ಣಿನಿಂದಲೇ ಹೀರಿಕೊಳ್ಳುತ್ತದೆ. ತಾಯಿಗಿಡಕ್ಕೆ ಅಂಟಿಕೊಂಡೇ ಇದ್ದು ಬೇರೆ ಒಲೆ ಹೂಡಿದ ಮಗನ ಹಾಗೆ. ಜಿಪ್ಸಂ ಸಿಗದ ಕಡೆ ಸಿಪ್ಪೆ ಚೆನ್ನಾಗಿದ್ದು ಒಳಗೆ ಜೊಳ್ಳಾಗುವುದು ಇದರಿಂದ.

ಇನ್ನು ಬೇರು. ಕಿತ್ತ ಗಿಡದ ಬೇರಿನ ಮೇಲೆ ರಾಗಿಕಾಳಿನ ಗಾತ್ರದ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಮನುಷ್ಯನ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟನದ್ದು, ಹೆಸರು ಲೆಗ್‌ಹಿಮೋಗ್ಲೋಬಿನ್. ಗಂಟಿನೊಳಗೆ ವಾಸವಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ. ಆ ಕೆಲಸಕ್ಕೆ ಆಮ್ಲಜನಕ ಹೆಚ್ಚಾದರೆ ಕೇಡು, ಇಲ್ಲವೇ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಉಸಿರಾಡದು. ಎರಡರ ನಡುವಿನ ಹದ ಕಾಯುವುದು ಈ ಕೆಂಪು. ಗೊಬ್ಬರ ಕಾರ್ಖಾನೆಗಳು ಇದೇ ಕೆಲಸಕ್ಕೆ ನಾನೂರು ಐನೂರು ಡಿಗ್ರಿ ಶಾಖ ಮತ್ತು ವಿಪರೀತ ಒತ್ತಡ ಬಳಸುತ್ತವೆ. ನಗರಗೆರೆಯ ಹೊಲದಲ್ಲಿ ಅದು ಸದ್ದಿಲ್ಲದೆ, ತಣ್ಣಗಿನ ಮಣ್ಣಿನಲ್ಲಿ ನಡೆಯುತ್ತದೆ.

ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಪರಿಷೆಗೆ ಚಿಂತಾಮಣಿ ಕಡೆಯಿಂದಲೂ ಕಡಲೆಕಾಯಿ ಹೋಗುತ್ತದೆ. ಹುರಿದ ಕಾಯಿ ಬಿಡಿಸುವಾಗ ಸಿಪ್ಪೆಯ ಒಂದು ತುದಿಯಲ್ಲಿ ಸಣ್ಣ ತೊಟ್ಟು ಕಾಣುತ್ತದೆ. ಊಡಿನ ಗುರುತು ಅದೇ.

ಗೌರಿಬಿದನೂರಿನಿಂದ ಹೆಚ್ಚು ದೂರವಿಲ್ಲದ ವಿದುರಾಶ್ವತ್ಥಕ್ಕೆ ಜನ ಬರುವುದು ಸಾಲುಸಾಲು ನಾಗರಕಲ್ಲುಗಳಿಗೆ ಪೂಜೆ ಸಲ್ಲಿಸಲು.  ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಅರಳಿ ಮರಕ್ಕೆ ಹೂವಿಲ್ಲ ಎಂಬುದು ಹಳೆಯ ಮಾತು. ಹೂವಿಲ್ಲದೆ ಹಣ್ಣು ಬಿಡುವ ಮರಕ್ಕೆ ವನಸ್ಪತಿ ಎಂಬ ಹೆಸರನ್ನೇ ಕೊಟ್ಟಿದ್ದರು. ಹೂಗಳು ಇವೆ, ಆ ಸಣ್ಣ ಕಾಯಿಯ ಒಳಮುಖದಲ್ಲಿ ನೂರಾರು ಹೂಗಳು ತಲೆ ಒಳಗೆ ಹಾಕಿ ಕೂತಿರುತ್ತವೆ. ಅಲ್ಲಿಗೆ ಹೋಗಬಲ್ಲದ್ದು ಎಳ್ಳಿಗಿಂತ ಸಣ್ಣ ಒಂದು ಕಣಜ. ಕಾಯಿಯ ತುದಿಯ ಬಿಗಿಯಾದ ಕಿಂಡಿಯಲ್ಲಿ ನುಸುಳುವಾಗ ಹೆಣ್ಣು ಕಣಜದ ರೆಕ್ಕೆ ಹರಿದುಹೋಗುತ್ತದೆ. ಒಳಗೆ ಪರಾಗ ಹಚ್ಚಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಮಕ್ಕಳಲ್ಲಿ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳೊಂದಿಗೆ ಕೂಡಿ, ಹೊರಗೆ ಹೋಗಲು ಸುರಂಗ ಕೊರೆದುಕೊಟ್ಟು, ಹೊರಗಿನ ಬೆಳಕನ್ನೇ ಕಾಣದೆ ಮುಗಿಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರ ಹುಡುಕಿ ಹಾರುತ್ತವೆ. ಅವುಗಳಿಗೆ ಇರುವುದು ಒಂದೆರಡು ದಿನದ ಆಯುಸ್ಸು. ಅರಳಿ, ಆಲ, ಅತ್ತಿ ಇವುಗಳಲ್ಲಿ ಹೆಚ್ಚುಕಡಿಮೆ ಒಂದೊಂದಕ್ಕೂ ಅದರದ್ದೇ ಜಾತಿಯ ಕಣಜ. ಈ ನಂಟು ಆರು ಕೋಟಿ ವರ್ಷಕ್ಕೂ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿಯ ಕಣಜಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಅರಳಿ ಕಟ್ಟೆ ಸುತ್ತಿ ಪ್ರದಕ್ಷಿಣೆ ಹಾಕುವವರ ತಲೆಯ ಮೇಲೆ ಪ್ರತಿ ಕೊಂಬೆಯಲ್ಲೂ ಇಂಥ ನೂರಾರು ಸಂಸಾರಗಳು ನಡೆದಿರುತ್ತವೆ.

ರಸ್ತೆಬದಿಯ ಹುಣಸೆ ಮರದಲ್ಲೂ ಒಂದು ಅಚ್ಚರಿ ಇದೆ: ಸಂಜೆಯಾದೊಡನೆ ಅದು ಎಲೆ ಜೋಡಿಸಿ ಮಲಗುತ್ತದೆ. ಅಲೆಕ್ಸಾಂಡರನ ನೌಕಾಧಿಕಾರಿ ಆಂಡ್ರಾಸ್ಥೆನಿಸ್, ಇಂದಿನ ಬಹ್ರೇನ್ ದ್ವೀಪದಲ್ಲಿ ಇದನ್ನು ಗಮನಿಸಿ ಬರೆದಿಟ್ಟಿದ್ದ. ಜೀವಿಗಳೊಳಗೆ ಹಗಲು ರಾತ್ರಿಯ ಗಡಿಯಾರ ಇದೆ ಎಂಬುದಕ್ಕೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಆ ಮರ ಯಾವುದೆಂದು ವಿದ್ವಾಂಸರು ಗುರುತಿಸಿದ್ದು ಹುಣಸೆ ಎಂದೇ.

ಹುಣಸೆಯ ನೆರಳೂ ಇಲ್ಲಿ ವರ್ಷಕ್ಕೆರಡು ದಿನ ವಿಚಿತ್ರವಾಗುತ್ತದೆ. ಏಪ್ರಿಲ್ 25ರ ಆಸುಪಾಸು ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬದ ನೆರಳು ಆ ಗಳಿಗೆಯಲ್ಲಿ ಕಂಬದ ಕೆಳಗೇ ಅಡಗುತ್ತದೆ. ದೆಹಲಿಯವರಿಗೆ ಈ ಭಾಗ್ಯ ಒಮ್ಮೆಯೂ ಇಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇರುವುದರಿಂದ. ಶಾಲೆಯ ಅಂಗಳದಲ್ಲಿ ಒಂದು ಕೊಳವೆ ನಿಲ್ಲಿಸಿ ಮಕ್ಕಳಿಗೆ ತೋರಿಸಲು ಕಾಸೂ ಖರ್ಚಿಲ್ಲ. ಏಪ್ರಿಲ್ ರಜೆಯ ಕಾಲ ಎಂಬುದೊಂದೇ ಬೇಸರ. ಆಗಸ್ಟಿನಲ್ಲಿ ಮೋಡ ಅಡ್ಡ ಬಾರದಿರಲಿ.

ಬೇಸಿಗೆಯ ಕೊನೆಗೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಕೆಲಸ ನಿಲ್ಲಿಸಿ ಮೂಗರಳಿಸದವರು ಇಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಆ ವಾಸನೆಗೆ ತೂಕ ಹೆಚ್ಚು. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಎಂಬ ಹೆಸರು ಕೊಟ್ಟರು. ಅದರಲ್ಲಿ ಮುಖ್ಯವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ವಾಸನೆ ಯಾಕೆ ಎಂಬ ಪ್ರಶ್ನೆಗೆ 2020ರಲ್ಲಿ ಒಂದು ಉತ್ತರ ಸಿಕ್ಕಿತು: ಮಣ್ಣಿನಲ್ಲಿ ನೆಗೆದಾಡುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳನ್ನು ಕರೆಯಲು. ಅವು ಬಂದು ಮೇಯ್ದು, ಮೈಗೆ ಅಂಟಿದ ಬೀಜಕಣಗಳನ್ನು ಬೇರೆ ಕಡೆ ಹರಡುತ್ತವೆ. ಮನುಷ್ಯರಿಗೆ ಕಳಿಸದ ಕರೆಯೋಲೆ ಅದು. ದಾರಿಯಲ್ಲಿ ಮನುಷ್ಯರೂ ಓದಿಕೊಳ್ಳುತ್ತಾರೆ.

ಆ ಮಳೆಯ ಹನಿಗಳ ದಾರಿಯನ್ನೂ ನೋಡಬೇಕು. ನಂದಿಬೆಟ್ಟದ ಸುತ್ತಿನ ಗುಡ್ಡಗಳಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಮೊದಲನೆಯದು ಗೌರಿಬಿದನೂರು ಹಾದು ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಕಡಲು ಸೇರುತ್ತದೆ; ಎರಡನೆಯದು ತಮಿಳುನಾಡಿನ ಕಡಲೂರಿನ ಬಳಿ; ಮೂರನೆಯದು ಕಾವೇರಿಯ ಜೊತೆಯಾಗಿ. ಒಂದೇ ಮೋಡದಿಂದ ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಕೊನೆಗೆ ಮುನ್ನೂರು ಕಿಲೋಮೀಟರ್ ಅಂತರದ ತೀರಗಳನ್ನು ಸೇರಬಹುದು. ಈಗ ನದಿಪಾತ್ರಗಳು ಬಹುಕಾಲ ಒಣಗಿಯೇ ಇರುವುದರಿಂದ ಈ ಪಯಣ ಹೆಚ್ಚಾಗಿ ನಕ್ಷೆಯಲ್ಲೇ ಉಳಿದಿದೆ. ಅದು ನೋವಿನ ಮಾತು.

ನೆಲದಿಂದ ಇನ್ನು ಆಕಾಶಕ್ಕೆ. ಗೌರಿಬಿದನೂರಿನ ಹೊರವಲಯದಲ್ಲಿ, ಬಸ್ಸಿನ ಕಿಟಕಿಯಿಂದ ಯಾರೂ ಎರಡನೇ ಸಲ ನೋಡದಂಥ ಒಂದು ಬಯಲಿದೆ. ಸಾಲುಸಾಲು ಕಂಬಗಳು, ಅವುಗಳ ನಡುವೆ ತಂತಿ. ದ್ರಾಕ್ಷಿ ಚಪ್ಪರದ ಬಳ್ಳಿ ಕಿತ್ತು ಹಾಕಿದ ಮೇಲೆ ಉಳಿದ ಕಂಬಗಳಂತೆ ಕಾಣುತ್ತದೆ. ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ 1976ರಲ್ಲಿ ಇಲ್ಲಿ ಒಂದು ದೂರದರ್ಶಕ ಕಟ್ಟಿದವು. ಗಾಜಿಲ್ಲ, ಕನ್ನಡಿಯಿಲ್ಲ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿದ ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರಿಗೆ ಹತ್ತಿರ ಉದ್ದ. ಅದು ಹಿಡಿಯುವ ರೇಡಿಯೋ ಅಲೆಯ ಉದ್ದ ಒಂಬತ್ತು ಮೀಟರಿಗೆ ಸಮೀಪ. ಈ ಅಲೆಗಳಲ್ಲಿ ಆಕಾಶ ಎಂದೂ ಮೌನವಲ್ಲ. ಆಕಾಶಗಂಗೆಯೇ ಗುಂಯ್‌ಗುಡುತ್ತದೆ. ಅಮೆರಿಕದ ಕಾರ್ಲ್ ಜಾನ್‌ಸ್ಕಿ ಎಂಬ ಎಂಜಿನಿಯರ್ 1930ರ ದಶಕದ ಆರಂಭದಲ್ಲಿ ದೂರವಾಣಿಯ ಅಡಚಣೆ ಹುಡುಕಹೋಗಿ ಆ ಸದ್ದನ್ನು ಮೊದಲು ಗುರುತಿಸಿದ. ಅದು ದಿನದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು, ನಕ್ಷತ್ರಗಳು ಹುಟ್ಟುವ ಹಾಗೇ. ಅಷ್ಟರಿಂದಲೇ ಅದು ಭೂಮಿಯದ್ದಲ್ಲ, ಸೂರ್ಯನದ್ದೂ ಅಲ್ಲ ಎಂದು ಗೊತ್ತಾಯಿತು.

ಇದೇ ಸೀಮೆಯ ನೆಲದೊಳಗೂ ಕಿವಿಗಳಿವೆ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲನ್ನು 1960ರ ದಶಕದ ನಡುವಿನಲ್ಲಿ ಗೌರಿಬಿದನೂರಿನ ಸುತ್ತ ಹೂಡಲಾಯಿತು. ಕಡಲಿನ ಅಲೆಗಳ ಗದ್ದಲ ದೂರ, ಅಡಿಯಲ್ಲಿ ಇನ್ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಕಿವಿಗೊಟ್ಟು ಕೇಳಲು ಪ್ರಶಸ್ತ ಜಾಗ. ಭೂಗೋಳದ ಆಚೆ ಬದಿಯಲ್ಲಿ ನೆಲ ನಡುಗಿದರೆ ಅಥವಾ ಯಾವ ದೇಶವಾದರೂ ನೆಲದಡಿ ಅಣುಬಾಂಬ್ ಸಿಡಿಸಿದರೆ, ಆ ಅದುರು ಭೂಮಿಯ ಗರ್ಭವನ್ನೇ ಹಾದು ಸುಮಾರು ಇಪ್ಪತ್ತು ನಿಮಿಷದಲ್ಲಿ ಇಲ್ಲಿಗೆ ಬಂದು ಮುಟ್ಟುತ್ತದೆ. ಮೇಲೆ ದನ ಮೇಯುತ್ತಿರುತ್ತವೆ.

ರೇಡಿಯೋ ಬಯಲಿನಲ್ಲಿ 1997ರಿಂದ ಸೂರ್ಯನನ್ನೇ ನೋಡುವ ಇನ್ನೊಂದು ಆಂಟೆನಾ ಸಾಲು ಕೆಲಸ ಮಾಡುತ್ತಿದೆ. ಅದು ಕಾಣುವುದು ಕಣ್ಣಿಗೆ ಕಾಣುವ ಬಿಂಬವನ್ನಲ್ಲ, ಅದರ ಸುತ್ತ ಹಬ್ಬಿದ ಹತ್ತು ಲಕ್ಷ ಡಿಗ್ರಿ ಶಾಖದ ಕರೋನಾವನ್ನು. ಗ್ರಹಣದ ದಿನ ಮಾತ್ರ ಜನರಿಗೆ ದರ್ಶನ ಕೊಡುವ ಆ ಪ್ರಭಾವಳಿಯನ್ನು ಇಲ್ಲಿ ಮೋಡವಿದ್ದ ದಿನವೂ ಅಳೆಯುತ್ತಾರೆ.

ಬಯಲುಸೀಮೆಯ ರೈತ ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾನೆ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿದ್ದಾನೋ ಆ ಹದಿಮೂರು ಹದಿನಾಲ್ಕು ದಿನದ ಮಳೆಗೆ ಅದರ ಹೆಸರು. ಹಗಲಿನಲ್ಲಿ ಕಾಣದ ನಕ್ಷತ್ರದ ಮುಂದೆ ಸೂರ್ಯ ನಿಂತಿದ್ದಾನೆ ಎಂದು ಹೇಳಲು ಎಷ್ಟು ತಲೆಮಾರುಗಳ ನೋಟ ಬೇಕಾಯಿತೋ. ಜೂನ್ ನಡುವಿನ ಮೃಗಶಿರದ ದಿನಗಳಲ್ಲಿ ಸೂರ್ಯ ಹಾದುಹೋಗುವುದು ಏಡಿ ನೀಹಾರಿಕೆಯ ಪಕ್ಕದಲ್ಲಿ. 1054ರಲ್ಲಿ ಚೀನೀಯರು ಹಗಲಿನಲ್ಲೂ ಕಂಡು ಬರೆದಿಟ್ಟ ನಕ್ಷತ್ರ ಸ್ಫೋಟದ ಅವಶೇಷ ಅದು, ದೂರ ಸುಮಾರು ಆರೂವರೆ ಸಾವಿರ ಜ್ಯೋತಿರ್ವರ್ಷ. ಅದರಿಂದ ಬರುವ ರೇಡಿಯೋ ಅಲೆಗಳು ಆ ಕೆಲವು ದಿನ ಸೂರ್ಯನ ಕರೋನಾದೊಳಗೆ ನುಸುಳಿ ಬರಬೇಕಾಗುತ್ತದೆ. ಬರುವಾಗ ಚದುರಿ ಮಸುಕಾಗುತ್ತವೆ. ಎಷ್ಟು ಮಸುಕಾದವು ಎಂಬುದನ್ನು ಗೌರಿಬಿದನೂರಿನ ವಿಜ್ಞಾನಿಗಳು ಅಳೆದು ಕರೋನಾದ ಒಳಗುಟ್ಟು ತಿಳಿಯಲು ಯತ್ನಿಸಿದ್ದಾರೆ. ಅದೇ ವಾರ, ಬೇಲಿಯ ಈಚೆ, ಮೃಗಶಿರದ ಹದ ಸಿಕ್ಕಿದ್ದರೆ ಹೊಲದಲ್ಲಿ ಸಾಲು ಹೊಡೆದು ಕಡಲೆಕಾಯಿ ಬೀಜ ಹಾಕುತ್ತಿರುತ್ತಾರೆ.